ಮಾರ್ಚ್ ಕೂಸಿಗೆ ಜೂನ್ ಟೊಪ್ಪಿಗೆ

ಪ್ರಶ್ನೆ: ಅಕ್ಕನಿಗೆ ಮಾರ್ಚ್‌ನಲ್ಲಿ ಹೆರಿಗೆ. ಬಾಣಂತನ ಧಾರವಾಡದ ನಮ್ಮ ಮನೆಯಲ್ಲೇ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಾನೇ ಹೆಣೆದ ಉಲ್ಲನ್ ಸ್ವೆಟರ್ ಕೊಡುವ ಆಸೆ. ಆದರೆ ಇದುವರೆಗೆ ಹೆಣಿಗೆ ಕಡ್ಡಿ ಹಿಡಿದವಳೇ ಅಲ್ಲ. ಯಾವ ದಾರ, ಯಾವ ಕಡ್ಡಿ ತರಲಿ?

ಉತ್ತರ: ಕಲಿಯುವುದೇನೂ ಕಷ್ಟವಿಲ್ಲ, ಆದರೆ ಸ್ವೆಟರ್ ಬೇಡ. ತೋಳು, ಕುತ್ತಿಗೆ, ಗುಂಡಿಮನೆ ಅಂತ ಮೊದಲ ಸಲಕ್ಕೆ ತೊಡಕು ಜಾಸ್ತಿ. ಅದೂ ಅಲ್ಲದೆ, ತೊಟ್ಟಿಲ ದಿನ ಧಾರವಾಡದಲ್ಲಿ ಸೆಕೆ ಇರುತ್ತದೆ. ಫೋಟೋಗೆ ತೊಡಿಸಿ ಎತ್ತಿಟ್ಟರೆ, ಜೂನ್ ಮಳೆಯ ಥಂಡಿಗೆ ಹೊರತೆಗೆಯುವ ಹೊತ್ತಿಗೆ ಅದು ಕೂಸಿಗೆ ಹಿಡಿಯುವುದಿಲ್ಲ. ಮೂರರಿಂದ ಆರು ತಿಂಗಳ ಅಳತೆಗೆ ಒಂದು ಟೊಪ್ಪಿಗೆ ಹೆಣೆಯಿರಿ. ಮಳೆಗಾಲಕ್ಕೆ ಸರಿಯಾಗಿ ಕೂರುತ್ತದೆ.

ದಾರ ಹತ್ತಿಯದ್ದೇ ಇರಲಿ. ಅಂಗಡಿಯಲ್ಲಿ ಉಲ್ಲನ್ ಕೇಳಿದರೆ ಎಷ್ಟೋ ಸಲ ಕೈಗೆ ಬರುವುದು ಅಕ್ರಿಲಿಕ್. ತೊಳೆಯಲು ಸುಲಭ, ಬಣ್ಣವೂ ಚೆಂದ. ಆದರೆ ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕೆಂಡ, ಲೋಬಾನ ಇರುತ್ತವಲ್ಲ? ಅಕ್ರಿಲಿಕ್ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. (ಆ ಹೊಗೆಯೂ ಕೂಸಿನ ಎದೆಗೆ ಒಳ್ಳೆಯದಲ್ಲ, ಅದು ಬೇರೆ ಮಾತು.) ನಿಜವಾದ ಉಣ್ಣೆ ಕೆಲವು ಮಕ್ಕಳಿಗೆ ಚುಚ್ಚುತ್ತದೆ, ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ.

8 ಪ್ಲೈ (ದಾರದ ದಪ್ಪದ ಲೆಕ್ಕ) ದಾರ 50 ಗ್ರಾಂ, 4 ಮಿ.ಮೀ. ಕಡ್ಡಿ ಒಂದು ಜೊತೆ ಸಾಕು. ಸುಭಾಸ ರಸ್ತೆಗೆ ಹೋದಾಗ ಕಡ್ಡಿಯನ್ನು ಮಿ.ಮೀ. ಲೆಕ್ಕದಲ್ಲೇ ಕೇಳಿ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8 ನಂಬರ್ ಎಂದರೆ 4 ಮಿ.ಮೀ.; ನಂಬರ್ ಏರಿದಷ್ಟೂ ಕಡ್ಡಿ ತೆಳುವಾಗುತ್ತದೆ. ಅಮೆರಿಕದವರ 8 ನಂಬರ್ 5 ಮಿ.ಮೀ. ಯೂಟ್ಯೂಬ್ ನೋಡಿ ಕಲಿಯುವವರು ಇಲ್ಲೇ ಎಡವುತ್ತಾರೆ.

ಟೊಪ್ಪಿಗೆಯನ್ನು ಅಡ್ಡಡ್ಡ ಹೆಣೆಯಿರಿ. ಕಡ್ಡಿಯ ಮೇಲೆ 40 ಮನೆ (ದಾರದ ಕುಣಿಕೆ) ಹಾಕಿಕೊಳ್ಳಿ, ಅಗಲ ಸುಮಾರು 18 ಸೆಂ.ಮೀ. ಬರುತ್ತದೆ. ಪ್ರತಿ ಸಾಲೂ ಸೀದಾ ಹೆಣಿಗೆ (ಇಂಗ್ಲಿಷಿನ ನಿಟ್), ಉಲ್ಟಾ (ಪರ್ಲ್) ಕಲಿಯುವ ಗೋಜೇ ಇಲ್ಲ. ಪಟ್ಟಿ 36 ಸೆಂ.ಮೀ. ಉದ್ದವಾದಾಗ ಮನೆ ಮುಚ್ಚಿ, ಅಂದರೆ ಬಿಚ್ಚಿಕೊಳ್ಳದಂತೆ ಅಂಚು ಕಟ್ಟಿ ಕಡ್ಡಿಯಿಂದ ಇಳಿಸಿ. ಎರಡೂ ತುದಿ ಸೇರಿಸಿ ಹೊಲಿದು, ಮೇಲಂಚಿಗೆ ದಾರ ಪೋಣಿಸಿ ಬಿಗಿಯಾಗಿ ನೆರಿಗೆ ಎಳೆದು ಗಂಟು ಹಾಕಿದರೆ ಆಯಿತು. ಬರೀ ಸೀದಾ ಹೆಣಿಗೆ ಉದ್ದಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಆ ಹಿಗ್ಗು ತಲೆಯ ಸುತ್ತ ಬರಲಿ ಎಂದೇ ಈ ಅಡ್ಡ ಹೆಣಿಗೆ. ಪ್ರತಿ ಸಾಲು ಮುಗಿದಾಗಲೂ ಮನೆ ಎಣಿಸಿ. ಹೊಸಬರ ಕೈಯಲ್ಲಿ 40 ಇದ್ದದ್ದು ಸುಮ್ನೆ 43 ಆಗಿಬಿಡುತ್ತದೆ, ಹೆಚ್ಚಾಗಿ ಅಂಚಿನಲ್ಲಿ. ದಾರ ಎಳೆದು ಬಿಗಿ ಮಾಡಬೇಡಿ, ಮುಂದಿನ ಸಾಲಿಗೆ ಕಡ್ಡಿಯೇ ತೂರುವುದಿಲ್ಲ.

ಅಂದ ಹೆಚ್ಚಲಿ ಅಂತ ಗುಂಡಿ, ಮಣಿ, ಗೊಂಡೆ ಹಚ್ಚಬೇಡಿ. ಕೂಸಿನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ ಹೋಗುತ್ತದೆ. ಗದ್ದದ ಕೆಳಗೆ ಕಟ್ಟುವ ಲಾಡಿಯೂ ಬೇಡ. ಜಾಳುಜಾಳಾದ ಹೊದಿಕೆ ಹೆಣೆಯುವ ಯೋಚನೆ ಬಂದರೆ ಬಿಟ್ಟುಬಿಡಿ, ತೂತಿನಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ವರ್ಷ ತುಂಬುವವರೆಗೆ ಮಲಗಿದ ಕೂಸಿನ ಮೇಲೆ ಸಡಿಲ ಹೊದಿಕೆ ಇರಲೇಬಾರದು ಎನ್ನುತ್ತಾರೆ ಮಕ್ಕಳ ವೈದ್ಯರು. ಮನೆಯೊಳಗೆ ಮಲಗಿಸುವಾಗ ಟೊಪ್ಪಿಗೆಯನ್ನೂ ತೆಗೆಯಬೇಕು, ಮೈ ವಿಪರೀತ ಬಿಸಿಯಾಗಬಹುದು. ಇದಕ್ಕೆ ಮನೆಯ ಹಿರಿಯರು ಒಪ್ಪುವುದು ಕಷ್ಟ, ಅಕ್ಕನಿಗೆ ಮೊದಲೇ ಹೇಳಿಡಿ.