ಪಿಆರ್ ಅಂದ್ರೆ ಸುಳ್ಳು ಹೇಳೋ ಕೆಲಸಾನಾ?

ಪ್ರಶ್ನೆ: ಮೇಡಂ, ನಾನು ಹರಿಹರದವಳು. ದಾವಣಗೆರೆಯಲ್ಲಿ ಬಿ.ಎ. ಕೊನೇ ವರ್ಷ ಓದುತ್ತಿದ್ದೇನೆ, ಪತ್ರಿಕೋದ್ಯಮವೂ ಒಂದು ವಿಷಯ. ಸಾರ್ವಜನಿಕ ಸಂಪರ್ಕದ (ಪಿಆರ್) ಕೆಲಸಕ್ಕೆ ಹೋಗುವ ಆಸೆ ಇದೆ. ಅಪ್ಪ ಮಾತ್ರ, "ಮಾಲೀಕರ ಪರವಾಗಿ ಸುಳ್ಳು ಹೇಳೋ ಕೆಲಸ ಅದು, ಸುಮ್ನೆ ಬಿ.ಇಡಿ. ಮಾಡು" ಅನ್ನುತ್ತಾರೆ. ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಬೆಂಗಳೂರಿಗೆ ಹೋಗದೆ ಕೆಲಸ ಸಿಗುತ್ತದಾ?
— ಓದುಗಿ, ಹರಿಹರ

ಉತ್ತರ: ತಂಗಿ, ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಪಿಆರ್‌ಒ, ಅಂದರೆ ಸಾರ್ವಜನಿಕ ಸಂಪರ್ಕ ಅಧಿಕಾರಿ. ಈ ಕೆಲಸದಲ್ಲಿ ಸುಳ್ಳು ಹೇಳುವವರೇ ಇಲ್ಲ ಅಂತ ಹೇಳಲಾರೆ. ಆದರೆ ನಮ್ಮಂಥ ಊರಲ್ಲಿ ಒಮ್ಮೆ ಸುಳ್ಳು ಹೇಳಿದರೆ ವರದಿಗಾರರು ಮತ್ತೆ ನಂಬುವುದಿಲ್ಲ. ನಾಳೆ ಅವರೇ ಎದುರು ಸಿಗುತ್ತಾರಲ್ವಾ?

ಹೀಗೆ ಯೋಚಿಸು. ರೋಗಿಯೊಬ್ಬರು ತೀರಿಕೊಂಡಿದ್ದಾರೆ. ಬಿಲ್ ಕಟ್ಟದೆ ಶವ ಕೊಡುತ್ತಿಲ್ಲ ಅಂತ ಸಂಬಂಧಿಕರು ಗೇಟಿನ ಹತ್ತಿರ ಗಲಾಟೆ ಮಾಡುತ್ತಿದ್ದಾರೆ. ವಿಡಿಯೊ ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ವರದಿಗಾರರ ಫೋನ್ ಮೇಲೆ ಫೋನ್. "ಅರ್ಧ ಗಂಟೆ ಕೊಡಿ ಸಾರ್, ವಿಚಾರಿಸಿ ನಾನೇ ಮಾಡ್ತೀನಿ" ಅನ್ನಬೇಕು, ಹೇಳಿದ ಹೊತ್ತಿಗೆ ಮಾಡಲೂ ಬೇಕು. ಆ ಅರ್ಧ ಗಂಟೆಯಲ್ಲಿ ವಾರ್ಡು, ಬಿಲ್ಲಿಂಗ್, ಡ್ಯೂಟಿ ಡಾಕ್ಟರು, ಎಲ್ಲರನ್ನೂ ಕೇಳಬೇಕು. ಗೇಟಿನಲ್ಲಿ ನಿಂತ ಮನೆಯವರನ್ನೂ ಕೇಳಬೇಕು. ಹಾಗೆ ಕೇಳುವವರು ಕಡಿಮೆ, ಅದು ನನಗೆ ತುಂಬಾ ಬೇಸರದ ವಿಷಯ. ಬಾಕಿಗಾಗಿ ಶವ ಹಿಡಿದಿಡುವಂತಿಲ್ಲ ಅಂತ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯೇ ಹೇಳುತ್ತದೆ. ಆಡಳಿತದವರ ರೂಮಿಗೆ ಹೋಗಿ ಇದನ್ನು ನೆನಪಿಸುವುದು ಪಿಆರ್‌ಒ ಕೆಲಸ. ಪೇಪರಿನವರ ಜೊತೆ ಮಾತಾಡುವುದು ಆಮೇಲೆ. ಆಗಲೂ ಮನೆಯವರು ಒಪ್ಪದೆ ರೋಗಿಯ ಕಾಯಿಲೆ ವಿಷಯ ಬಾಯಿಬಿಡಬಾರದು.

ನಿಮ್ಮ ತಂದೆಯವರಿಗೆ ಪಿಆರ್ ಕೆಲಸ ಶುರು ಮಾಡಿದವರಲ್ಲಿ ಒಬ್ಬರಾದ ಐವಿ ಲೀ ಕಥೆ ಹೇಳು. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಸೇತುವೆಯಿಂದ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಆಗೆಲ್ಲ ರೈಲು ಕಂಪನಿಗಳು ಅಪಘಾತದ ಸುದ್ದಿಯನ್ನು ಮುಚ್ಚಿಹಾಕಲು ನೋಡುತ್ತಿದ್ದವು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಪರವಾಗಿ ಕೆಲಸ ಮಾಡುತ್ತಿದ್ದ ಲೀ, ಗೊತ್ತಿದ್ದ ಸಂಗತಿಯನ್ನು ಬರೆದು ಪತ್ರಿಕೆಗಳಿಗೆ ಕೊಟ್ಟರು. ಪತ್ರಕರ್ತರನ್ನು ಜಾಗಕ್ಕೇ ಕರೆಸಿದರು. ಮೊದಲ ಪ್ರೆಸ್ ನೋಟ್ ಅದೇ ಅಂತ ಹೇಳುತ್ತಾರೆ.

ಇಂಗ್ಲಿಷ್ ಕಲಿ, ಮೇಲ್ ಬರೆಯಲು ಬೇಕಾಗುತ್ತದೆ. ಆದರೆ ಇಲ್ಲಿ ಅನ್ನ ಕೊಡುವುದು ಕನ್ನಡ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜಗಳೂರಿನ ರೈತರಿಗೂ ತಿಳಿಯುವ ಹಾಗೆ ಒಂದು ಪುಟದಲ್ಲಿ ಬರೆಯಬಲ್ಲವರು ಸುಲಭಕ್ಕೆ ಸಿಗುವುದಿಲ್ಲ. ಪ್ರೆಸ್ ನೋಟಿನಲ್ಲಿ ಯಾರು, ಏನು, ಯಾವಾಗ, ಎಲ್ಲಿ ಅನ್ನುವುದು ಮೊದಲ ಪ್ಯಾರಾದಲ್ಲೇ ಬರಲಿ. ಹೆಸರಿನ ಇನಿಷಿಯಲ್ ತಪ್ಪಬಾರದು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ, ಯೂನಿಕೋಡ್ ಎರಡರಲ್ಲೂ ಟೈಪ್ ಮಾಡಲು ಕಲಿ. ಪಿಡಿಎಫ್ ಒಂದನ್ನೇ ಕಳಿಸಿದರೆ ಡೆಸ್ಕಿನವರು ಮತ್ತೆ ಟೈಪ್ ಮಾಡಬೇಕು, ಅಷ್ಟು ಪುರುಸೊತ್ತು ಯಾರಿಗಿದೆ? ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು, ಇಲ್ಲದಿದ್ದರೆ ಪ್ರಿಂಟಿಗೆ ಮಸುಕಾಗುತ್ತದೆ. ಎಡದಿಂದ ಬಲಕ್ಕೆ ಯಾರ್‍ಯಾರು ನಿಂತಿದ್ದಾರೆ ಅಂತ ಬರೆ. ಸಂಜೆ ಏಳಕ್ಕೆ ಕಳಿಸಿ "ನಾಳೆ ಬರಲೇಬೇಕು" ಅಂತ ಒತ್ತಾಯ ಮಾಡಬೇಡ. ಪ್ರೆಸ್ ಮೀಟಿನಲ್ಲಿ ವರದಿಗಾರರಿಗೆ ದುಡ್ಡಿನ ಕವರ್ ಹಂಚುವ ಕಡೆ ಕೆಲಸಕ್ಕೆ ಸೇರಲೇಬೇಡ.

ಬೆಂಗಳೂರಿನ ಏಜೆನ್ಸಿಗಳಲ್ಲಿ ಸಂಬಳ ಜಾಸ್ತಿ, ನಿಜ. ಇಲ್ಲೂ ಆಸ್ಪತ್ರೆ, ಕಾಲೇಜು, ಬ್ಯಾಂಕು, ಸಹಕಾರ ಸಂಘಗಳಿವೆ. ಹಲವು ಕಡೆ ಪಿಆರ್‌ಒ ಅನ್ನುವ ಹುದ್ದೆ ಇರುವುದಿಲ್ಲ. ಅಡ್ಮಿಷನ್, ಫೇಸ್‌ಬುಕ್ ಪೇಜು, ಸಮಾರಂಭ ಎಲ್ಲ ಒಬ್ಬರ ತಲೆಗೇ ಬೀಳುತ್ತದೆ. ಮೊದಲ ಎರಡು ವರ್ಷ ಅದರಲ್ಲೇ ಕಲಿಯುವುದು ಜಾಸ್ತಿ.

ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಇದೆ, ಮನೆಯಿಂದಲೇ ಓಡಾಡಬಹುದು. ಅದಕ್ಕೂ ಮೊದಲು ಯಾವುದಾದರೂ ಸ್ಥಳೀಯ ಪತ್ರಿಕೆಯಲ್ಲಿ ಕೆಲವು ತಿಂಗಳು ಕೆಲಸ ಮಾಡು. ಬಂದ ಪ್ರೆಸ್ ನೋಟುಗಳಲ್ಲಿ ಯಾವುದು ಕಸದಬುಟ್ಟಿಗೆ ಹೋಗುತ್ತದೆ ಅಂತ ಕಣ್ಣಾರೆ ನೋಡುತ್ತೀಯ. ನಿಮ್ಮ ತಂದೆಯವರಿಗೆ ಸರ್ಕಾರಿ ನೌಕರಿಯ ಭದ್ರತೆ ಬೇಕಿದ್ದರೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಇದೆ, ಜಿಲ್ಲೆಗೊಂದು ಕಚೇರಿ. ಹುದ್ದೆಗೆ ಕರೆದಾಗ ವಿದ್ಯಾರ್ಹತೆಯನ್ನು ನೀನೇ ಅಧಿಸೂಚನೆಯಲ್ಲಿ ಓದು, ಕೋಚಿಂಗ್ ಸೆಂಟರಿನವರ ಮಾತಿನ ಮೇಲೆ ಅರ್ಜಿ ಹಾಕಬೇಡ.