ಓದುಗರ ಪ್ರಶ್ನೆ: ‘ಒಕ್ಕಲೆಬ್ಬಿಸು’ ಎಂದರೇನು?

ಪ್ರಶ್ನೆ: ‘ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸಿದರು’, ‘ಒತ್ತುವರಿ ತೆರವುಗೊಳಿಸಿದರು’, ‘ತಹಶೀಲ್ದಾರ್ ಎತ್ತಂಗಡಿ’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ‘ಒಕ್ಕಲೆಬ್ಬಿಸು’ ಎಂಬ ಮಾತು ಬೇಸಾಯಗಾರರಿಗೆ ಮಾತ್ರ ಅನ್ವಯಿಸುತ್ತದೆಯೇ? ಉಳಿದ ಎರಡು ಪದಗಳನ್ನು ಅದರ ಬದಲಿಗೆ ಬಳಸಬಹುದೇ?

ಉತ್ತರ: ಒಕ್ಕಲು ಎಂದೊಡನೆ ಒಕ್ಕಲುತನ, ಒಕ್ಕಲಿಗ ಎಂಬ ಪದಗಳು ನೆನಪಾಗುವುದರಿಂದ ನಿಮ್ಮ ಸಂದೇಹ ಸಹಜವಾದದ್ದೇ. ಆದರೆ ಆ ಪದಕ್ಕೆ ಬೇಸಾಯಗಾರ, ಗೇಣಿದಾರ ಎಂಬ ಅರ್ಥಗಳಲ್ಲದೆ ವಾಸ, ಮನೆತನ, ಸಂಸಾರ ಎಂಬ ಅರ್ಥಗಳೂ ಇವೆ. ಗಾಣದ ಕಸುಬಿನ ತೆಲ್ಲಿಗರನ್ನು ಹಳೆಯ ಶಾಸನಗಳು ‘ಅಯ್ವತ್ತೊಕ್ಕಲು’ ಎಂದು ಕರೆಯುತ್ತವೆ. ಅಲ್ಲಿ ಒಕ್ಕಲು ಎಂದರೆ ಮನೆತನ. ಕರಾವಳಿಯಲ್ಲಿ ಗೃಹಪ್ರವೇಶವನ್ನು ಇಂದಿಗೂ ‘ಮನೆ ಒಕ್ಕಲು’ ಎನ್ನುತ್ತಾರೆ. ಆದ್ದರಿಂದ ನೆಲೆನಿಂತ ಸಂಸಾರವನ್ನು ಅದರ ಇಚ್ಛೆಗೆ ವಿರುದ್ಧವಾಗಿ ಆ ಜಾಗದಿಂದ ಹೊರಡಿಸುವುದೇ ಒಕ್ಕಲೆಬ್ಬಿಸುವುದು; ಹೊಲವಿರಲಿ, ಗುಡಿಸಲಿರಲಿ, ನಗರದ ಬಾಡಿಗೆ ಮನೆಯಿರಲಿ, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಇದು ಹೆಚ್ಚು ಬಳಕೆಗೆ ಬಂದದ್ದು ಮಾತ್ರ ಗೇಣಿಯ ಜಮೀನುಗಳ ಸಂಬಂಧದಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಗೇಣಿಯ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದೆಂದು ಪ್ರಶ್ನಿಸಿದಾಗ ಅವರಿಗೆ ಸಾಗುವಳಿಯನ್ನೇ ತಪ್ಪಿಸಲಾಯಿತು. ಆ ಹೊಲಗಳಿಗೆ ಮತ್ತೆ ಇಳಿದು ನೇಗಿಲು ಹೂಡುವುದೇ ಅಲ್ಲಿನ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಅವರೂ ಬಂದು ಅದರಲ್ಲಿ ಪಾಲ್ಗೊಂಡು ಬಂಧನಕ್ಕೊಳಗಾದರು. ಕೂತ ನೆಲದಿಂದ ಎಬ್ಬಿಸುವ ಅಧಿಕಾರ ಒಡೆಯನ ಕೈಯಲ್ಲಿ ಇರುವವರೆಗೆ ಕೊಳಗದ ಅಳತೆಯನ್ನು ಕೇಳುವ ಧೈರ್ಯ ಒಕ್ಕಲಿಗೆ ಸುಲಭವಾಗಿ ಬರುವಂತಿರಲಿಲ್ಲ ಎಂಬುದನ್ನು ಗಮನಿಸಿದರೆ ಈ ಪದದಲ್ಲಿರುವ ಬಲಾತ್ಕಾರ ಎಂಥದೆಂದು ತಿಳಿಯುತ್ತದೆ.

‘ತೆರವು’ ಬೇರೆಯೇ ಮಾತು. ತೆರವಾಗುವುದು ಜಾಗ, ಎಬ್ಬಿಸಿಕೊಳ್ಳುವವರು ಜನ. ರಸ್ತೆಗೆ ಚಾಚಿದ ಮೆಟ್ಟಿಲನ್ನೋ ಕೆರೆಯಂಗಳಕ್ಕೆ ಹಾಕಿದ ಬೇಲಿಯನ್ನೋ ತೆಗೆದರೆ ‘ಒತ್ತುವರಿ ತೆರವು’ ಎನ್ನುವುದು ಸರಿಯೇ. ಆದರೆ ಅಡುಗೆಯ ಒಲೆ, ಹಾಸಿಗೆ, ಮಕ್ಕಳ ಪುಸ್ತಕಗಳು ಬೀದಿಗೆ ಬಿದ್ದಿರುವಾಗ ‘ಪ್ರದೇಶವನ್ನು ತೆರವುಗೊಳಿಸಲಾಯಿತು’ ಎಂದು ಬರೆದರೆ ಆ ವಾಕ್ಯದಲ್ಲಿ ಮನುಷ್ಯರೇ ಇರುವುದಿಲ್ಲ. ಕಾರ್ಯಾಚರಣೆ ಕಾನೂನುಬದ್ಧವಾಗಿದ್ದರೂ ಅಲ್ಲಿ ಸಂಸಾರಗಳು ಇದ್ದವೆಂದು ಹೇಳುವುದು ವರದಿಗಾರರ ಕರ್ತವ್ಯ ಎಂದು ನಾನು ಬಲವಾಗಿ ನಂಬಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆಯೂ ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಅವರ ಸ್ವಾಧೀನದಲ್ಲಿರುವ ಭೂಮಿಯಿಂದ ಹೊರಹಾಕಬಾರದು ಎನ್ನುವಾಗ ರಕ್ಷಣೆ ಕೊಡುವುದು ಜನರಿಗೆ. ಅದನ್ನು ಕನ್ನಡದಲ್ಲಿ ‘ಒಕ್ಕಲೆಬ್ಬಿಸಬಾರದು’ ಎಂದರೆ ಅರ್ಥ ಪೂರ್ತಿಯಾಗಿ ಬರುತ್ತದೆ. ಲಿಂಗನಮಕ್ಕಿಯಂಥ ಅಣೆಕಟ್ಟುಗಳ ಹಿನ್ನೀರಿನ ಊರುಗಳ ವಿಷಯದಲ್ಲಿ ‘ಮುಳುಗಡೆ’ ಎಂಬ ಪದ ರೂಢಿಯಲ್ಲಿದೆ; ಅಲ್ಲಿಯೂ ಮುಳುಗಿದ್ದು ಊರು, ಒಕ್ಕಲೆದ್ದವರು ಊರವರು.

ವ್ಯಾಕರಣದ ಒಂದು ಮಾತು. ಒಕ್ಕಲು ಮತ್ತು ಎಬ್ಬಿಸು ಸೇರಿ ಲೋಪಸಂಧಿಯಾಗಿ ಈ ಕ್ರಿಯಾಸಮಾಸ ಆಗಿದೆ. ಒಳಗೆ ಒಂದು ನಾಮಪದವಿದ್ದರೂ ‘ಅವರನ್ನು ಕೈಬಿಟ್ಟರು’ ಎನ್ನುವಂತೆಯೇ ‘ಅವರನ್ನು ಒಕ್ಕಲೆಬ್ಬಿಸಿದರು’ ಎನ್ನಬಹುದು. ‘ಒಕ್ಕಲೆಬ್ಬಿಸಲ್ಪಟ್ಟವರು’ ಎಂಬ ರೂಪ ತಪ್ಪಲ್ಲವಾದರೂ ಬಾಯಿಗೆ ಒಗ್ಗುವುದಿಲ್ಲ. ಯಾರು ಎಬ್ಬಿಸಿದರೆಂದು ಹೇಳಿ ಕರ್ತರಿಯಲ್ಲಿ ಬರೆಯುವುದು ಮೇಲು.

ಇನ್ನು ‘ಎತ್ತಂಗಡಿ’ ಇಂದು ಹೆಚ್ಚಾಗಿ ಅಧಿಕಾರಿಗಳ ದಿಢೀರ್ ವರ್ಗಾವಣೆಗೆ ಮೀಸಲಾಗಿದೆ. ವರ್ಗವಾದ ತಹಶೀಲ್ದಾರರಿಗೆ ಇನ್ನೊಂದೆಡೆ ಹುದ್ದೆ ಕಾದಿರುತ್ತದೆ, ಆದ್ದರಿಂದ ಅವರನ್ನು ಒಕ್ಕಲೆಬ್ಬಿಸಿದರು ಎನ್ನಲಾಗದು. ಹಾಗೆಯೇ ನೆಲೆ ಕಳೆದುಕೊಂಡ ಕುಟುಂಬಗಳಿಗೆ ‘ಎತ್ತಂಗಡಿ’ ಎಂಬ ತಲೆಬರಹ ಕೊಡುವುದು ಅವರ ಕಷ್ಟವನ್ನು ಹಗುರ ಮಾಡುತ್ತದೆ; ಅದನ್ನು ಬಿಡುವುದು ಒಳ್ಳೆಯದು.