ಸಂಧಿವಾತಕ್ಕೆ ಕೊಟ್ಟ ನೋವಿನ ಮಾತ್ರೆಯನ್ನು ನೋವಿದ್ದಾಗ ಮಾತ್ರ ನುಂಗಿದರೆ ಸಾಲದೇ?

ಅದು ಕಾಯಿಲೆ ಯಾವುದೆಂಬುದರ ಮೇಲೆ ನಿಂತಿದೆ. ಮಂಡಿ ಸವೆತಕ್ಕಾದರೆ ಬಹುಮಟ್ಟಿಗೆ ಸಾಕು. ರುಮಟಾಯ್ಡ್ ಸಂಧಿವಾತದಲ್ಲಿ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಕೀಲು ಊದಿ, ಬೆಳಗ್ಗೆ ಬಿಗಿದುಕೊಳ್ಳುತ್ತಿದ್ದರೆ ಲೆಕ್ಕ ಬೇರೆ. ನ್ಯಾಪ್ರೊಕ್ಸೆನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಮೊದಲ ಡೋಸ್‌ಗೇ ನೋವು ತಗ್ಗಿಸಬಹುದು, ಉರಿಯೂತ ಇಳಿಯಬೇಕಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ (ನ್ಯಾಪ್ರೊಕ್ಸೆನ್ ಸಾಮಾನ್ಯವಾಗಿ 250–500 ಮಿ.ಗ್ರಾಂ, ದಿನಕ್ಕೆ 2 ಸಲ) ಒಂದೆರಡು ವಾರ ತಪ್ಪದೆ ತೆಗೆದುಕೊಳ್ಳಬೇಕು. ಆಮೇಲೂ ಗುಣ ಕಾಣದಿದ್ದರೆ ಬೇರೆಯದನ್ನು ಕೇಳಿ. ಇಂಥ ಎರಡು ಮಾತ್ರೆ ಒಟ್ಟಿಗೆ ಖಂಡಿತ ಬೇಡ: ಉಪಯೋಗ ಹೆಚ್ಚುವುದಿಲ್ಲ, ಜಠರದ ಹುಣ್ಣಿನ ಅಪಾಯ ಹೆಚ್ಚುತ್ತದೆ.

ಇವು ತಡೆಯುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಜಠರದ ಒಳಪದರವನ್ನು ಕಾಯುತ್ತದೆ, ಮೂತ್ರಪಿಂಡದ ರಕ್ತಹರಿವನ್ನೂ ಕಾಪಾಡುತ್ತದೆ. ಹಾನಿ ರಕ್ತದ ಮೂಲಕವೂ ಆಗುವುದರಿಂದ ಊಟದ ನಂತರ ನುಂಗಿದ ಮಾತ್ರಕ್ಕೆ ಹುಣ್ಣು ತಪ್ಪದು. 65 ದಾಟಿದವರು, ಹಿಂದೆ ಹುಣ್ಣಾದವರು, ಆಸ್ಪಿರಿನ್ ಇಲ್ಲವೇ ಸ್ಟೆರಾಯ್ಡ್ ತೆಗೆದುಕೊಳ್ಳುವವರು ಜೊತೆಗೆ ಜಠರದ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಬೇಕೇ ಎಂದು ಕೇಳಲೇಬೇಕು. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಎರಡೂ ಇದ್ದವರಿಗೆ ವಾಂತಿಭೇದಿಯಾದರೆ ನೋವಿನ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ರುಮಟಾಯ್ಡ್‌ನಲ್ಲಿ ಈ ಮಾತ್ರೆಗಳು ಕೀಲಿನ ಹಾನಿಯನ್ನು ತಡೆಯುವುದಿಲ್ಲ. ನೋವು ಹೋಯಿತೆಂದು, ಕಾಯಿಲೆಯನ್ನೇ ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಮಾತ್ರೆ ಬಿಡಬೇಡಿ.